ಕರಟದಲ್ಲಿ ಐದು ಹೆಸರುಕಾಳು

ನೋಡಮ್ಮ, ಮೊದಲ ಸಲ ನಲಿ-ಕಲಿ ತರಗತಿ ನಿನ್ನ ಕೈಗೆ ಬಂದಿದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಒಂದು ವಾರದ ಪರಿಸರ ಚಟುವಟಿಕೆ ಅಂತ ಎರಡು ಪುಟ ಬರೆದುಕೊಂಡು ಬಂದು ತೋರಿಸಿದೆಯಲ್ಲ, ನಿನ್ನ ಹುರುಪು ಕಂಡು ಸಂತೋಷವಾಯಿತು. ಆದರೆ ಮುಕ್ಕಾಲು ಪಾಲನ್ನು ಮುಂದಿನ ತಿಂಗಳುಗಳಿಗೆ ಎತ್ತಿಡು. ಈ ವಾರಕ್ಕೆ ಹೆಸರುಕಾಳು ಮತ್ತು ಶಾಲೆಯಂಗಳದ ಆ ಹೊಂಗೆಮರ, ಇಷ್ಟೇ ಸಾಕು.

ಸೋಮವಾರ ಕಾಳು ನೆನೆಹಾಕಿಸು. ಹುರಳಿಯೂ ಆದೀತು, ಆದರೂ ನಾನು ಹೆಸರುಕಾಳನ್ನೇ ಹೇಳುತ್ತೇನೆ. ಅದು ಬೇಗ ಬಿರಿಯುತ್ತದೆ, ಆರು ವರ್ಷದ ಮಗುವಿಗೆ ಮೂರು ದಿನ ಕಾಯುವುದೇ ದೊಡ್ಡದು. ಕುಂಡಕ್ಕೆ ದುಡ್ಡು ಸುರಿಯಬೇಡ. ಬಿಸಿಯೂಟದ ಅಡುಗೆಯವರನ್ನು ಕೇಳು, ಮನೆಗಳಿಂದಲೂ ತರಿಸು, ಕರಟಕ್ಕೇನು ಬರ? ಕಣ್ಣಿರುವ ಅರ್ಧವನ್ನೇ ಆರಿಸಿಕೋ. ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತದೆ; ಮೊಳೆಯಿಂದ ಒತ್ತಿದರೆ ತೂತಾಗಿ ಹೆಚ್ಚಿನ ನೀರು ಇಳಿದುಹೋಗುತ್ತದೆ. ತೆಂಗಿನ ಮೊಳಕೆ ಹೊರಗೆ ಬರುವುದೂ ಅದೇ ಕಣ್ಣಿಂದ. ಮಕ್ಕಳು ಬೆರಳಿಟ್ಟು ಮುಟ್ಟಿ ನೋಡಿದ ಮೇಲೆಯೇ ತೂತು ಮಾಡು.

ಮಂಗಳವಾರ ಒಬ್ಬೊಬ್ಬರ ಕರಟಕ್ಕೂ ಐದೈದು ಕಾಳು. ಐದರಲ್ಲಿ ಮೂರು ಬಂದವು, ಇನ್ನೆಷ್ಟು ಬರಬೇಕು ಅನ್ನುವ ಲೆಕ್ಕ ಅಲ್ಲೇ ಹುಟ್ಟುತ್ತದೆ. ‘ಎಲೆ’ಯ ಲಕಾರಕ್ಕೂ ‘ಮೊಳಕೆ’ಯ ಳಕಾರಕ್ಕೂ ಇರುವ ವ್ಯತ್ಯಾಸ ನಾಲಿಗೆಗೆ ಹತ್ತಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ನನ್ನ ಮೊದಲ ವರ್ಷದ ಒಂದು ತಪ್ಪು ಹೇಳುತ್ತೇನೆ. ಎರಡನೇ ತರಗತಿಯ ಹುಡುಗನೊಬ್ಬ ದಿನಾ ಮಣ್ಣು ಕೆದಕಿ ಕಾಳು ತೆಗೆದು ನೋಡುತ್ತಿದ್ದ. ಎಲ್ಲರೆದುರು ಗದರಿಬಿಟ್ಟೆ. ಮಾರನೇ ದಿನದಿಂದ ಅವನು ಕೆದಕಲಿಲ್ಲ, ಕರಟದ ಹತ್ತಿರಕ್ಕೂ ಸುಳಿಯಲಿಲ್ಲ. ಇವತ್ತಿಗೂ ಅದು ನನಗೆ ಚುಚ್ಚುತ್ತದೆ. ಒಂದು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ನಾಲ್ಕು ಕಾಳು ಇಟ್ಟಿದ್ದರೆ ಸಾಕಿತ್ತು, ಅವನು ಬೇಕಾದಷ್ಟು ಸಲ ಬಿಡಿಸಿ ನೋಡಬಹುದಿತ್ತು. ನೀನು ಆ ತಟ್ಟೆ ಇಡುವುದನ್ನು ಮರೆಯಬೇಡ.

ಬುಧವಾರ ಮರದ ಕೆಳಗೆ. ಹಿಂದಿನ ಸಂಜೆ ನೀನೊಬ್ಬಳೇ ಒಂದು ಸುತ್ತು ಹಾಕಿ ಬಾ. ಬೇಲಿಯಲ್ಲಿ ಕಣಗಿಲೆ, ಉಮ್ಮತ್ತಿ ಇದ್ದರೆ ವಿಷ. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು. ಪಾರ್ಥೇನಿಯಂ ಮುಟ್ಟಿದರೆ ಕೆಲವರಿಗೆ ಮೈ ತುರಿಸುತ್ತದೆ. ಉದುರಿದ ಎಲೆ ಮಾತ್ರ ಆರಿಸಲಿ. ಹೊಂಗೆ ಎಲೆಯ ಮೇಲೆ ಸಣ್ಣ ಸಣ್ಣ ಗಂಟು ಸಿಕ್ಕರೆ ‘ಹಾಳಾದ ಎಲೆ’ ಎಂದು ಬಿಸಾಡಿಸಬೇಡ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮನೆ ಅದು. ಎಲೆಯ ಬೆನ್ನು ಮೇಲೆ ಮಾಡಿ, ಹಾಳೆ ಹೊದಿಸಿ ಕ್ರೇಯಾನ್ ಉಜ್ಜಿಸು, ನರಗಳೆಲ್ಲ ಮೂಡುತ್ತವೆ. ಬುಡದ ಸುತ್ತಳತೆಯನ್ನು ಗೇಣಿನಲ್ಲಿ ಅಳೆಯಲಿ. ಒಬ್ಬಳಿಗೆ ಹತ್ತು, ಇನ್ನೊಬ್ಬನಿಗೆ ಹನ್ನೆರಡು ಬಂದು ಜಗಳ ಹತ್ತುತ್ತದೆ. ಬಿಡಿಸಲು ಓಡಬೇಡ. ಕೈ ಪಕ್ಕ ಕೈ ಇಟ್ಟು ನೋಡಿಕೊಳ್ಳುವವರೆಗೂ ಸುಮ್ಮನಿರು. ಸ್ಕೇಲು ಗುರುವಾರ ತಂದರಾಯಿತು.

ಶುಕ್ರವಾರದ ಹೊತ್ತಿಗೆ ಕರಟದ ಮಣ್ಣು ಸಣ್ಣಗೆ ಬಿರುಕು ಬಿಡುತ್ತದೆ. ಮಳೆ ಹಿಡಿದಿದ್ದರೆ ಒಂದು ದಿನ ತಡವಾದೀತು. ಮೊಳಕೆ ತಲೆಯೆತ್ತಿ ಬರುವುದಿಲ್ಲಮ್ಮ, ಕತ್ತು ಬಗ್ಗಿಸಿ, ಬೆನ್ನಿನಿಂದ ಮಣ್ಣು ನೂಕಿಕೊಂಡು ಬರುತ್ತದೆ. ಯಾಕೆ ಹಾಗೆ ಎಂದು ಕೇಳು, ಉತ್ತರ ಹೇಳಿಬಿಡಬೇಡ. ಎಳೆ ಚಿಗುರಿಗೆ ಪೆಟ್ಟಾಗಬಾರದು ಎನ್ನುವುದನ್ನು ಯಾವುದಾದರೂ ಕೂಸು ತನ್ನ ಮಾತಿನಲ್ಲಿ ಹೇಳೀತು. ಯಾರೂ ಹೇಳದಿದ್ದರೂ ಅವಸರವಿಲ್ಲ.

ಯಾರದೋ ಒಂದು ಕರಟದಲ್ಲಿ ಏನೂ ಬಂದಿರುವುದಿಲ್ಲ. ಅದನ್ನು ಮೊದಲೇ ಗುರುತಿಸಿಟ್ಟುಕೋ. ಆ ಮಗುವಿನ ಪಕ್ಕ ಕೂತು ಇಬ್ಬರೂ ಮಣ್ಣು ಬಿಡಿಸಿ ನೋಡಿ, ಕೊಳೆತಿದೆಯೋ, ಇರುವೆ ಹೊತ್ತೊಯ್ದಿದೆಯೋ. ತಟ್ಟೆಯ ಕಾಳಲ್ಲಿ ಮೊಳೆತದ್ದು ಎರಡು ಅವಳ ಕರಟಕ್ಕೆ ಹೋಗಲಿ.

ಶನಿವಾರ ಬೆಳಗಿನ ಶಾಲೆ. ಭಾನುವಾರ ನೀರು ಹಾಕುವವರಿಲ್ಲ, ಹಾಗಾಗಿ ಕರಟಗಳನ್ನು ಮನೆಗೇ ಕಳಿಸು. ಚೀಲಕ್ಕೆ ಹಾಕಿಸಬೇಡ, ಎರಡೂ ಕೈಯಲ್ಲಿ ಹಿಡಿದುಕೊಂಡು ನಿಧಾನಕ್ಕೆ ನಡೆದು ಹೋಗಲಿ.