ಸಕ್ಕರೆ ಕಾಯಿಲೆಯವರಲ್ಲಿ ಜೀರ್ಣರಸದ ಕೊರತೆ

ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಇನ್ಸುಲಿನ್ ತಯಾರಿಸುತ್ತದೆಂದು ಸಕ್ಕರೆ ಕಾಯಿಲೆ ಇರುವವರ ಮನೆಯವರಿಗೆಲ್ಲ ಗೊತ್ತು. ಯುನಾನಿಯಲ್ಲಿ ನಾವು ಲಬ್‌ಲಬಾ ಎಂದು ಕರೆಯುವ ಈ ಗ್ರಂಥಿಗೆ ಇನ್ನೊಂದು ಕೆಲಸವೂ ಇದೆ. ಅದು ಪ್ರತಿದಿನ ಒಂದು ಲೀಟರಿಗೂ ಹೆಚ್ಚು ಜೀರ್ಣರಸವನ್ನು ಸಣ್ಣ ಕರುಳಿಗೆ ಹರಿಸುತ್ತದೆ. ಆ ರಸದಲ್ಲಿರುವ ಕಿಣ್ವಗಳಲ್ಲಿ ಅಮೈಲೇಸ್ ಅನ್ನ-ರೊಟ್ಟಿಯ ಪಿಷ್ಟವನ್ನು, ಪ್ರೋಟಿಯೇಸ್ ಮಾಂಸ-ಬೇಳೆಯ ಪ್ರೋಟೀನನ್ನು, ಲೈಪೇಸ್ ಎಣ್ಣೆ-ತುಪ್ಪದ ಕೊಬ್ಬನ್ನು ಜೀರ್ಣಿಸುತ್ತವೆ.

ಕೆಲವು ಮಧುಮೇಹಿಗಳಲ್ಲಿ ಈ ಕಿಣ್ವಗಳು ಕಡಿಮೆಯಾಗುತ್ತವೆ. ಪ್ಯಾಂಕ್ರಿಯಾಸಿನ ಉರಿಯೂತ ಅಥವಾ ಶಸ್ತ್ರಚಿಕಿತ್ಸೆಯ ನಂತರ ಸಕ್ಕರೆ ಕಾಯಿಲೆ ಬಂದವರಲ್ಲಿ ಇದು ಹೆಚ್ಚು. ಗ್ರಂಥಿಯೊಳಗೆ ಕಲ್ಲುಗಳಾಗಿ, ತೆಳ್ಳಗಿನ ಯುವಜನರಿಗೆ ಸಕ್ಕರೆ ಕಾಯಿಲೆ ತರುವ ಒಂದು ಬಗೆಯನ್ನು ಕೇರಳ ಸೇರಿದಂತೆ ದಕ್ಷಿಣ ಭಾರತದಲ್ಲಿ ಬಹುಕಾಲದಿಂದ ಗುರುತಿಸಲಾಗಿದೆ. ಮದ್ಯ ಮತ್ತು ತಂಬಾಕು ಈ ಗ್ರಂಥಿಯ ಶತ್ರುಗಳು.

ಲಕ್ಷಣಗಳು

ಮಲ ಬಿಳಿಚಿಕೊಂಡು, ಜಿಡ್ಡಾಗಿ, ವಿಪರೀತ ದುರ್ವಾಸನೆಯಿಂದ ಕೂಡಿರುತ್ತದೆ. ನೀರು ಸುರಿದರೂ ಸುಲಭವಾಗಿ ಹೋಗುವುದಿಲ್ಲ. ಊಟದ ನಂತರ ಹೊಟ್ಟೆ ಉಬ್ಬರಿಸುತ್ತದೆ. ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ. ಕೊಬ್ಬಿನ ಜೊತೆ ಎ, ಡಿ, ಇ, ಕೆ ಜೀವಸತ್ವಗಳೂ ಮಲದಲ್ಲಿ ಹೋಗುವುದರಿಂದ ಇರುಳುಗುರುಡು, ಮೂಳೆಗಳ ದೌರ್ಬಲ್ಯ ಕಾಣಿಸಬಹುದು. ‘ಸಕ್ಕರೆ ಇದ್ದವರು ತೆಳ್ಳಗಾಗುವುದು ಸಹಜ’ ಎಂದು ಸುಮ್ಮನಿರಬೇಡಿ. ಹಿರಿಯರು ನಾಚಿಕೆಯಿಂದ ಮಲದ ವಿಷಯ ಹೇಳುವುದಿಲ್ಲ. ಮನೆಯವರೇ ಮೆಲ್ಲನೆ ಕೇಳಬೇಕು.

ಎಲ್ಲ ಭೇದಿಯೂ ಇದೇ ಅಲ್ಲ. ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ, ಮಧುಮೇಹದಿಂದ ಕರುಳಿನ ನರಗಳು ಕೆಟ್ಟಾಗಲೂ ಭೇದಿಯಾಗಬಹುದು. ಮಲದಲ್ಲಿ ಎಲಾಸ್ಟೇಸ್ ಎಂಬ ಕಿಣ್ವದ ಪ್ರಮಾಣ ನೋಡುವ ಪರೀಕ್ಷೆಯಿದೆ. ಒಂದು ಗ್ರಾಂ ಮಲದಲ್ಲಿ ಅದು 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯ ಸಂಶಯ. 100ಕ್ಕಿಂತ ಕಡಿಮೆಯಿದ್ದರೆ ಕೊರತೆ ತೀವ್ರವಾಗಿರುವ ಸಾಧ್ಯತೆ ಹೆಚ್ಚು.

ಚಿಕಿತ್ಸೆ

ಕಡಿಮೆಯಾದ ಕಿಣ್ವವನ್ನು ಕ್ಯಾಪ್ಸೂಲ್ ಮೂಲಕ ಕೊಡುವುದೇ ಮುಖ್ಯ ಚಿಕಿತ್ಸೆ. ಇದನ್ನು ಊಟದ ಜೊತೆಯಲ್ಲೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಪ್ರಯೋಜನವಿಲ್ಲ. ಉಪವಾಸದ ದಿನಗಳಲ್ಲಿ ಇಫ್ತಾರ್ ಮತ್ತು ಸಹರಿಯ ಊಟದೊಂದಿಗೆ ತೆಗೆದುಕೊಳ್ಳಬಹುದು. ಆದರೆ ಮಧುಮೇಹಿಗಳು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು. ಆಹಾರ ಜೀರ್ಣವಾಗತೊಡಗಿದಾಗ ರಕ್ತದ ಸಕ್ಕರೆ ಏರಬಹುದು. ಆಗ ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣ ಬದಲಿಸಬೇಕಾಗುತ್ತದೆ.

ಜವಾರಿಶ್ ಸಾಲದೇ ಎಂದು ಅನೇಕರು ಕೇಳುತ್ತಾರೆ. ಜವಾರಿಶ್ ಜಾಲೀನೂಸ್, ಜವಾರಿಶ್ ಕಮೂನಿಗಳು ಸಾಮಾನ್ಯ ಅಜೀರ್ಣಕ್ಕೆ ಬಳಸುವ ಔಷಧಿಗಳು. ಅವು ಲೈಪೇಸಿನ ಕೊರತೆಯನ್ನು ತುಂಬಲಾರವು. ಮೇಲಾಗಿ ಅವುಗಳನ್ನು ಸಾಮಾನ್ಯವಾಗಿ ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ಮಾಡುವುದರಿಂದ ಮಧುಮೇಹಿಗಳು ಕೇಳದೆ ತಿನ್ನಬಾರದು.

ಹಲಾಲ್-ಹರಾಮ್‌ನ ಪ್ರಶ್ನೆ

ಈ ಕ್ಯಾಪ್ಸೂಲ್‌ಗಳ ಕಿಣ್ವವನ್ನು ಬಹುಪಾಲು ಹಂದಿಯ ಪ್ಯಾಂಕ್ರಿಯಾಸಿನಿಂದ ತೆಗೆಯುತ್ತಾರೆ. ಇದು ತಿಳಿದೊಡನೆ ಕೆಲವರು ವೈದ್ಯರಿಗೂ ಹೇಳದೆ ಔಷಧಿ ನಿಲ್ಲಿಸಿ, ಇನ್ನಷ್ಟು ಕೃಶರಾಗುತ್ತಾರೆ. ಹಾಗೆ ಮಾಡಬೇಡಿ. ಔಷಧಿಯ ಮೂಲ ಯಾವುದು, ಬದಲಿ ಇದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಅಂಗಡಿಯಲ್ಲಿ ಸಿಗುವ ಜೀರ್ಣಕಾರಕ ಸಿರಪ್‌ಗಳು ಇದಕ್ಕೆ ಬದಲಿಯಲ್ಲ. ಬೇರೆ ಹಲಾಲ್ ಔಷಧಿ ಸಿಗದೆ, ಆರೋಗ್ಯಕ್ಕೆ ಇದು ಅನಿವಾರ್ಯವಾದಾಗ ರಿಯಾಯಿತಿಯಿದೆ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಈ ಔಷಧಿ ಏಕೆ ಬೇಕು, ಬದಲಿ ಇದೆಯೋ ಇಲ್ಲವೋ ಎಂಬುದನ್ನು ವೈದ್ಯರಿಂದ ಬರೆಸಿಕೊಂಡು, ನಿಮಗೆ ನಂಬಿಕೆಯಿರುವ ಆಲಿಮರಿಗೆ ತೋರಿಸಿ ಕೇಳಿ. ಉತ್ತರ ಸಿಗುವವರೆಗೆ ಏನು ಮಾಡಬೇಕೆಂಬುದನ್ನೂ ವೈದ್ಯರೊಂದಿಗೇ ಮಾತಾಡಿ ನಿರ್ಧರಿಸಿ.

ಊಟವನ್ನು ಸಣ್ಣ ಸಣ್ಣ ಪಾಲುಗಳಾಗಿ ಮಾಡಿ. ಎಣ್ಣೆ-ತುಪ್ಪವನ್ನು ಪೂರ್ತಿ ಬಿಡಬೇಡಿ, ಮಿತವಾಗಿ ಬಳಸಿ. ಬೀಡಿ-ಸಿಗರೇಟು, ಹೊಗೆಸೊಪ್ಪು ಬಿಡಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.