ನಾಲ್ಕು ನಟ್ಟು, 0.06 ಮಿಲಿಮೀಟರ್: ಅಲಾಯ್ ವೀಲ್ ಹಾಕಿಸೋ ಮುಂಚೆ ಒಂದು ಪಾಠ

ಕಳೆದ ದಸರಾ ರಜೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಬಾಳೆಹೊನ್ನೂರು ಮೇಲಿಂದ ಕಳಸಕ್ಕೆ ಹೊರಟಿದ್ವಿ. ನಮ್ಮಲ್ಲೊಬ್ಬನ ಅಜ್ಜಿ ಮನೆ ಕಳಸದ ಹತ್ರ. ಕಾರು ಅವನ ಅಪ್ಪನ ಸ್ವಿಫ್ಟ್. ಹಿಂದಿನ ವಾರವಷ್ಟೇ ಅದಕ್ಕೆ ಸೆಕೆಂಡ್ ಹ್ಯಾಂಡ್ ಅಲಾಯ್ ವೀಲ್ ಹಾಕಿಸಿದ್ವಿ. ಹೊಸದಾಗಿ ಕಪ್ಪು ಪೌಡರ್ ಕೋಟಿಂಗ್ ಬೇರೆ ಮಾಡಿಸಿದ್ದರಿಂದ ಕಾರು ನೋಡೋಕೆ ಭರ್ಜರಿಯಾಗಿತ್ತು.

ಮಾಗುಂಡಿ ದಾಟಿದ ಮೇಲೆ ಪ್ರತಿ ತಿರುವಿನಲ್ಲೂ ಮುಂದಿನ ಎಡ ಚಕ್ರದಿಂದ 'ಕಟ್ ಕಟ್' ಅಂತ ಸದ್ದು. ಹಾಡಿನ ವಾಲ್ಯೂಮ್ ಕಡಿಮೆ ಮಾಡಿ ಕೇಳಿದ್ವಿ, ಸದ್ದು ನಿಜ. ಇಳಿದು ನೋಡಿದ್ರೆ ನಾಲ್ಕರಲ್ಲಿ ಎರಡು ನಟ್ಟು ಬೆರಳಲ್ಲೇ ತಿರುಗ್ತಿತ್ತು! ರಸ್ತೆ ಪಕ್ಕದಲ್ಲಿ ಕಾಫಿ ತೋಟದ ಇಳಿಜಾರು. ಯಾರೂ ಮಾತಾಡಲಿಲ್ಲ. ಡಿಕ್ಕಿಯಲ್ಲಿದ್ದ ಸ್ಪ್ಯಾನರ್‌ನಿಂದ ಬಿಗಿ ಮಾಡಿ, ಕಳಸದ ಪಂಕ್ಚರ್ ಅಂಗಡಿವರೆಗೂ ನಿಧಾನಕ್ಕೆ ಹೋದ್ವಿ. ಅಂಗಡಿಯವರು ಚಕ್ರ ಬಿಚ್ಚಿ ಹಿಂಭಾಗ ತೋರಿಸಿ ಕೇಳಿದ್ರು: "ಪೇಂಟ್ ಮೇಲೆ ನಟ್ಟು ಕೂರಿಸಿದ್ರೆ ನಿಲ್ಲುತ್ತಾ ಮಾರಾಯ್ರೆ?"

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ನಾವು ಕಲಿತದ್ದೇ ಈ ಲೇಖನ.

ಚಕ್ರವನ್ನು ಹಿಡಿದಿರೋದು ಯಾವುದು?

ಗೋಡೆಯ ಮೊಳೆಗೆ ಕ್ಯಾಲೆಂಡರ್ ನೇತು ಹಾಕಿದ ಹಾಗೆ ಚಕ್ರ ಸ್ಟಡ್‌ಗಳ ಮೇಲೆ ನೇತಾಡ್ತಿರುತ್ತೆ ಅಂತ ನಾವು ಅಂದ್ಕೊಂಡಿದ್ವಿ. ಅದು ತಪ್ಪು. ನಟ್ಟು ಬಿಗಿ ಮಾಡಿದಾಗ ಸ್ಟಡ್ ಸ್ಪ್ರಿಂಗ್ ಹಾಗೆ ಸ್ವಲ್ಪ ಎಳೆದುಕೊಳ್ಳುತ್ತೆ. ಆ ಎಳೆತವೇ ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುತ್ತೆ. ಭಾರ ಹೊರೋದು ಮುಖ್ಯವಾಗಿ ಆ ಎರಡು ಮುಖಗಳ ನಡುವಿನ ಘರ್ಷಣೆ.

ಲೆಕ್ಕ ಹಾಕೋಣ. ಟಾರ್ಕ್ = K × ಸ್ಟಡ್ ವ್ಯಾಸ × ಎಳೆತ. ಒಣ ಥ್ರೆಡ್‌ಗೆ K ಸುಮಾರು 0.2. ಸ್ಟಡ್ 12 ಮಿ.ಮೀ., ಟಾರ್ಕ್ 100 ನ್ಯೂಟನ್ ಮೀಟರ್ ಇದ್ದರೆ ಎಳೆತ ಸುಮಾರು 42 ಕಿಲೋನ್ಯೂಟನ್. ಅಂದ್ರೆ ಒಂದೊಂದು ಸ್ಟಡ್ಡೂ ನಾಲ್ಕು ಟನ್‌ಗಿಂತ ಜಾಸ್ತಿ ಒತ್ತಿ ಹಿಡಿದಿರುತ್ತೆ.

ಇಷ್ಟು ಬಲಕ್ಕೆ ಸ್ಟಡ್ ಎಷ್ಟು ಉದ್ದ ಆಗುತ್ತೆ? ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 92 ಚದರ ಮಿ.ಮೀ., ಉಕ್ಕಿನ ಯಂಗ್ಸ್ ಮಾಡ್ಯುಲಸ್ 200 ಗಿಗಾಪ್ಯಾಸ್ಕಲ್, ಎಳೆತಕ್ಕೆ ಸಿಕ್ಕ ಉದ್ದ 25 ಮಿ.ಮೀ. ಅಂತ ಇಟ್ಟುಕೊಳ್ಳಿ. ಉತ್ತರ ಸುಮಾರು 0.06 ಮಿ.ಮೀ. ಅಷ್ಟೇ.

ಈಗ ಪೌಡರ್ ಕೋಟಿಂಗ್ ನೋಡಿ. ಅದರ ದಪ್ಪ ಸಾಮಾನ್ಯವಾಗಿ 0.06ರಿಂದ 0.1 ಮಿ.ಮೀ. ನಟ್ಟು ಕೂರುವ ಕುಳಿಯಲ್ಲೂ ಹಬ್‌ಗೆ ತಾಗುವ ಮುಖದಲ್ಲೂ ಈ ಪದರ ಇದ್ದರೆ, ಓಡುವಾಗ ಅದು ನಜ್ಜುಗುಜ್ಜಾಗುತ್ತೆ. ಸ್ಟಡ್ ಎಳೆದುಕೊಂಡಿದ್ದೇ 0.06 ಮಿ.ಮೀ.; ಪೇಂಟ್ ಅರ್ಧ ಕುಸಿದರೂ ಬಿಗಿತದ ದೊಡ್ಡ ಪಾಲು ಹೋಯ್ತು. ಆಮೇಲೆ ಗುಂಡಿ, ತಿರುವು, ಬ್ರೇಕ್ ಸೇರಿ ಚಕ್ರ ಕೂದಲೆಳೆಯಷ್ಟು ಜಾರೋಕೆ ಶುರು ಮಾಡುತ್ತೆ, ನಟ್ಟು ತಾನಾಗೇ ಬಿಚ್ಚಿಕೊಳ್ಳುತ್ತೆ. ನಮಗೆ ಆಗಿದ್ದು ಇದೇ. ತುಕ್ಕು, ಮಣ್ಣು ಸಿಕ್ಕಿಕೊಂಡರೂ ಕಥೆ ಇದೇ.

ಕೊಳ್ಳುವ ಮುಂಚೆ

*ಪಿಸಿಡಿ:* ಸ್ಟಡ್‌ಗಳ ಕೇಂದ್ರಗಳ ಮೂಲಕ ಹಾಯುವ ವೃತ್ತದ ವ್ಯಾಸ. ಸ್ವಿಫ್ಟ್‌ಗೆ 4×100, ಫಿಯೆಟ್ ಪುಂಟೊಗೆ 4×98. ತ್ರಿಜ್ಯದಲ್ಲಿ ವ್ಯತ್ಯಾಸ ಒಂದೇ ಮಿ.ಮೀ., ಹಾಗಾಗಿ ಒತ್ತಿದರೆ ಕೂತ ಹಾಗೇ ಕಾಣುತ್ತೆ. ಆದರೆ ನಟ್ಟು ಓರೆಯಾಗಿ ಕೂತು ಸ್ಟಡ್ ಬಾಗುತ್ತೆ. 'ಹೆಚ್ಚೂ ಕಡಿಮೆ ಸರಿ' ಅನ್ನೋದು ಇಲ್ಲಿ ನಡೆಯಲ್ಲ.

*ಮಧ್ಯದ ತೂತು:* ಸ್ವಿಫ್ಟ್ ಹಬ್ 54.1 ಮಿ.ಮೀ. ಎಲ್ಲಾ ಕಾರಿಗೂ ಆಗಲಿ ಅಂತ ಮಾಡಿದ ಅಲಾಯ್‌ಗಳಲ್ಲಿ ತೂತು 73.1 ಮಿ.ಮೀ. ಇರೋದುಂಟು. ಮಧ್ಯದ ಸಂದಿಗೆ ಸರಿಯಾದ ಅಳತೆಯ ಹಬ್ ರಿಂಗ್ ಹಾಕಿಸಿ. ಇಲ್ಲದಿದ್ರೆ ಚಕ್ರ ನಡುವಲ್ಲಿ ಕೂರದೆ ಸ್ಟೇರಿಂಗ್ ನಡುಗಬಹುದು.

*ಆಫ್‌ಸೆಟ್:* ರಿಮ್‌ನ ಮಧ್ಯರೇಖೆಯಿಂದ ಹಬ್‌ಗೆ ತಾಗುವ ಮುಖಕ್ಕೆ ಇರುವ ದೂರ. ಆಫ್‌ಸೆಟ್ 45ರಿಂದ 35ಕ್ಕೆ ಇಳಿದು, ರಿಮ್ ಒಂದು ಇಂಚು ಅಗಲವೂ ಆದರೆ, ಹೊರ ಅಂಚು 10 + 12.7 = 22.7 ಮಿ.ಮೀ. ಆಚೆ ಬರುತ್ತೆ. ನಾಲ್ಕು ಜನ ಕೂತು ಗುಂಡಿಗೆ ಇಳಿದಾಗ ಟೈರ್ ಫೆಂಡರ್‌ಗೆ ಉಜ್ಜುತ್ತೆ, ಬೇರಿಂಗ್ ಮೇಲೂ ಹೊರೆ ಜಾಸ್ತಿ.

*ಟೈರ್ ಸೈಜ್:* 2018ರ ಸ್ವಿಫ್ಟ್‌ನಲ್ಲಿ ಕೆಳಗಿನ ವೇರಿಯಂಟ್‌ಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ಒಟ್ಟು ವ್ಯಾಸ 619.6 ಮತ್ತು 621.5 ಮಿ.ಮೀ., ಬಹುತೇಕ ಒಂದೇ. 195/55 ಆರ್16 ಕೂಡ 620.9. ಹಾಗಾದ್ರೆ ಅದನ್ನೇ ಹಾಕೋಣ್ವಾ? ಸೈಡ್‌ವಾಲ್ ನೋಡಿ: 132, 120, 107 ಮಿ.ಮೀ. ಮಳೆಗಾಲ ಮುಗಿದ ಮೇಲೆ ಮೂಡಿಗೆರೆ, ಕಳಸ ಕಡೆ ರಸ್ತೆಯ ಗುಂಡಿಗೂ ರಿಮ್‌ಗೂ ನಡುವೆ ಇರೋದು ಈ ರಬ್ಬರ್ ಮಾತ್ರ.

ನಮ್ಮ ಚಿಕ್ಕಮಗಳೂರಿನ ತೋಟದ ದಾರಿಗಳಲ್ಲೇ ಏಷ್ಯಾ ಪೆಸಿಫಿಕ್ ರ್‍ಯಾಲಿಯ ಸುತ್ತು ನಡೆದಿದೆ. ಗೌರವ್ ಗಿಲ್ 2016 ಮತ್ತು 2017ರಲ್ಲಿ ಚಾಂಪಿಯನ್ ಆಗಿದ್ದು ಸ್ಕೋಡಾ ಫ್ಯಾಬಿಯಾ ಆರ್5ನಲ್ಲಿ. ಆ ದರ್ಜೆಯ ಕಾರುಗಳು ಡಾಂಬರಿನ ಮೇಲೆ 18 ಇಂಚಿನ ಚಕ್ರ ಹಾಕ್ತವೆ. ಮಣ್ಣಿನ ದಾರಿಗೆ ಬಂದ್ರೆ 15 ಇಂಚಿಗೇ ಇಳೀತವೆ. ಗೆಲ್ಲೋಕೆ ಓಡುವವರೇ ಕೆಟ್ಟ ರಸ್ತೆಗೆ ಸಣ್ಣ ರಿಮ್ ಆರಿಸ್ಕೊಳ್ತಾರೆ.

*ಕಾನೂನು:* ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧಾರದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ನಿಮ್ಮದೇ ಮಾಡೆಲ್‌ನ ಬೇರೆ ವೇರಿಯಂಟ್‌ಗೆ ಕಂಪನಿ ಕೊಟ್ಟಿರುವ ಸೈಜಿಗೆ ನಿಲ್ಲೋದೇ ಜಾಣತನ. ವಿಮೆ ಕಂಪನಿಗೂ ತಿಳಿಸಿ.

ಕೂರಿಸುವಾಗ

1. ಹಬ್ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಚಕ್ರದ ಹಿಂಮುಖದಲ್ಲೂ ನಟ್ಟಿನ ಕುಳಿಯಲ್ಲೂ ಪೌಡರ್ ಕೋಟಿಂಗ್ ಇರಬಾರದು. ಕೋಟಿಂಗ್ ಮಾಡಿಸುವಾಗಲೇ ಆ ಜಾಗ ಮುಚ್ಚಲು ಹೇಳಿ.

2. ನಟ್ಟಿನ ತಳ ಮತ್ತು ಕುಳಿಯ ಆಕಾರ ಒಂದೇ ಇರಲಿ: ಶಂಕುವಿಗೆ ಶಂಕು, ಗೋಳಕ್ಕೆ ಗೋಳ. ಅಲಾಯ್ ದಪ್ಪ ಇರೋದರಿಂದ ಥ್ರೆಡ್ ಸಾಕಷ್ಟು ಹಿಡಿಯುತ್ತಾ ನೋಡಿ. ಸ್ವಿಫ್ಟ್‌ನ 1.25 ಪಿಚ್‌ಗೆ ನಟ್ಟು ಕನಿಷ್ಠ ಒಂಬತ್ತು-ಹತ್ತು ಸುತ್ತು ಹೋಗಬೇಕು.

3. ಥ್ರೆಡ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. K 0.2ರಿಂದ 0.15ಕ್ಕೆ ಇಳಿದರೆ ಅದೇ ಟಾರ್ಕ್‌ಗೆ ಎಳೆತ ಮೂರನೇ ಒಂದು ಭಾಗ ಏರುತ್ತೆ.

4. ಚಕ್ರ ಜಾಕ್ ಮೇಲಿರುವಾಗಲೇ ಕೈಯಲ್ಲಿ ನಟ್ಟು ಹತ್ತಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಕೆಳಗಿಳಿಸಿ ಟಾರ್ಕ್ ರೆಂಚ್‌ನಿಂದ ಮುಗಿಸಿ. ಎಷ್ಟು ಅನ್ನೋದಕ್ಕೆ ಕಾರಿನ ಮ್ಯಾನ್ಯುಯಲ್ ನೋಡಿ. ಅರ್ಧ ಮೀಟರ್ ಪೈಪ್ ಸಿಕ್ಕಿಸಿ 60 ಕೆ.ಜಿ. ಮನುಷ್ಯ ಹತ್ತಿ ನಿಂತರೆ ಸುಮಾರು 294 ನ್ಯೂಟನ್ ಮೀಟರ್, ನಮ್ಮ ಲೆಕ್ಕದ 100ರ ಮೂರು ಪಟ್ಟು! ಸ್ಟಡ್ ಹಾಳಾಗೋಕೆ ಅಷ್ಟು ಸಾಕು.

5. 50ರಿಂದ 100 ಕಿ.ಮೀ. ಓಡಿದ ಮೇಲೆ, ಚಕ್ರ ತಣ್ಣಗಿದ್ದಾಗ, ಟಾರ್ಕ್ ಮತ್ತೆ ನೋಡಿ. ಚಾರ್ಮಾಡಿ ಇಳಿದ ಕೂಡಲೇ ಬ್ರೇಕ್ ಬಿಸಿ ಇರುವಾಗ ಬೇಡ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಬಿಗಿತ ತಪ್ಪಾಗಿ ಕಾಣುತ್ತೆ.

6. ಸ್ಟೆಪ್ನಿ ಇನ್ನೂ ಹಳೇ ಉಕ್ಕಿನ ಚಕ್ರವೇ ಆಗಿದ್ರೆ, ಅದರ ನಾಲ್ಕು ನಟ್ಟು ಡಿಕ್ಕಿಯಲ್ಲೇ ಇರಲಿ. ಸಿಗ್ನಲ್ ಇಲ್ಲದ ತೋಟದ ನಡುವೆ ಪಂಕ್ಚರ್ ಆದರೆ ಹೊಸ ನಟ್ಟು ಅದಕ್ಕೆ ಕೂರದೇ ಇರಬಹುದು.

ನಮ್ಮ ಪಿಸಿಡಿ ಸರಿ ಇತ್ತು, ಟೈರ್ ಸೈಜೂ ಸರಿ ಇತ್ತು. ನಾವು ಬಿಟ್ಟಿದ್ದು ಒಂದನೇ ಮತ್ತು ಐದನೇ ಹೆಜ್ಜೆ ಮಾತ್ರ. ಅಂಗಡಿಯವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ದಿನ ಕಳಸದಲ್ಲಿ ಪೇಂಟ್ ಕೆರೆಸಿ, ನಟ್ಟು ಬಿಗಿ ಮಾಡಿಸಿ, ರಾತ್ರಿ ಅಜ್ಜಿ ಮನೆ ಸೇರಿದ್ವಿ. ಯಾಕೆ ತಡ ಅಂತ ಕೇಳಿದ ಅಜ್ಜಿಗೆ "ಪಂಕ್ಚರ್" ಅಂದ್ವಿ. ನಿಜ ಹೇಳೋ ಧೈರ್ಯ ಇರಲಿಲ್ಲ.

ಮುಂದಿನ ಟ್ರಿಪ್‌ಗೆ ಹೊರಡುವ ಮುಂಚೆ ಹಾಡಿನ ಲಿಸ್ಟ್ ಮಾಡೋ ಹೊತ್ತಲ್ಲಿ ಐದು ನಿಮಿಷ ನಟ್ಟಿಗೂ ಕೊಡಿ.