ಸ್ಟ್ರೈಕರ್‌ಗಿಂತ ಮೊದಲು ಖಜಾಂಚಿ

ತಂಡಕ್ಕೆ ಹೆಸರಿಟ್ಟಾಯಿತು, ಜೆರ್ಸಿಯ ಬಣ್ಣವೂ ಗೊತ್ತಾಯಿತು, ಮುಂದಿನ ವರ್ಷ ‘ಸಿ’ ಡಿವಿಷನ್ ಲೀಗಿಗೆ ಇಳಿಯುತ್ತೇವೆ ಅಂದಿರಿ. ಬಹಳ ಸಂತೋಷ. ಆದರೆ ಖಜಾಂಚಿ ಯಾರು ಎಂದು ಕೇಳಿದ್ದೇ ತಡ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಯಾರೋ ಬಿಲ್ಡರ್ ಒಬ್ಬರು ‘ಎಲ್ಲಾ ನಾನ್ ನೋಡ್ಕೋತೀನಿ, ನೀವು ಆಡ್ಕೊಂಡಿರಿ’ ಎಂದಿದ್ದಾರಂತೆ, ಹಾಗಾಗಿ ಖಜಾಂಚಿಯ ಯೋಚನೆಯೇ ಬರಲಿಲ್ಲವಂತೆ. ಬದುಕಿನ ಬಹುಪಾಲನ್ನು ಬೇರೆಯವರ ಲೆಕ್ಕದ ಪುಸ್ತಕ ನೋಡುತ್ತಲೇ ಕಳೆದವನು ನಾನು. ಈ ‘ಎಲ್ಲಾ ನಾನ್ ನೋಡ್ಕೋತೀನಿ’ಯಷ್ಟು ಭಯ ಹುಟ್ಟಿಸುವ ಮಾತು ನನಗೆ ಇನ್ನೊಂದಿಲ್ಲ.

ನಮ್ಮ ಕುಮಾರ ಪಾರ್ಕ್ ಫುಟ್‌ಬಾಲಿನ ಜಾಗವಲ್ಲ ಕಣ್ರಪ್ಪ. ಇಲ್ಲಿಂದ ಮಲ್ಲೇಶ್ವರಕ್ಕೆ ಹೋಗಿ, ಚಾಮರಾಜಪೇಟೆಗೆ ಹೋಗಿ, ಬಸವನಗುಡಿಗೆ ಹೋಗಿ, ಖಾಲಿ ಜಾಗ ಕಂಡಲ್ಲಿ ಮೂರು ಸ್ಟಂಪು ನೆಟ್ಟಿರುತ್ತಾರೆ. ಫುಟ್‌ಬಾಲು ಬೆಳೆದದ್ದು ದಂಡಿನ ಕಡೆ: ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಒಮ್ಮೆ ಹೋಗಿ ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮವರು ಹೊಡೆದ ಒಂದೇ ಗೋಲು ಈ ಊರಿನ ಸಾರಂಗಪಾಣಿ ರಾಮನ್ ಅವರದು. ಅಹ್ಮದ್ ಖಾನ್ ಇಲ್ಲಿಂದ ಹೋಗಿ ಕಲ್ಕತ್ತೆಯ ಈಸ್ಟ್ ಬೆಂಗಾಲನ್ನು ಮೆರೆಸಿದರು. ಅದಕ್ಕೂ ಹಿಂದೆ, 1937 ಮತ್ತು 1938ರಲ್ಲಿ, ಬ್ಯಾಂಗಲೂರ್ ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಅನ್ನು ಸಾಲಾಗಿ ಎರಡು ಸಲ ಗೆದ್ದಿತ್ತು. ನಿಮ್ಮಲ್ಲಿ ಎಷ್ಟು ಮಂದಿಗೆ ಆ ತಂಡದ ಹೆಸರು ಗೊತ್ತಿತ್ತು, ಹೇಳಿ? ಕಪ್ಪು ಗೆದ್ದರೆ ಹೆಸರು ಉಳಿಯುತ್ತದೆ ಎಂದು ನಿಮಗೆ ಯಾರೋ ಹೇಳಿಕೊಟ್ಟಿದ್ದಾರೆ. ಅಷ್ಟು ಸುಲಭವಲ್ಲ.

ಐಟಿಐ ಕತೆಯನ್ನಂತೂ ನೀವು ಕೇಳಲೇಬೇಕು. ನಿಮ್ಮ ಅಜ್ಜಿಯ ಮನೆಯ ಹಾಲಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿದ್ದ, ಬೆರಳು ಹಾಕಿ ತಿರುಗಿಸುವ ಕಪ್ಪು ಫೋನು ನೆನಪಿದೆಯೆ? ನಿಮಗೆಲ್ಲಿ, ನಿಮ್ಮಪ್ಪನಿಗಿರುತ್ತದೆ. ಅದು ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನದು. ದೇಶಕ್ಕೆಲ್ಲ ಫೋನು ಮಾಡಿಕೊಡುತ್ತಿದ್ದ ಆ ಕಾರ್ಖಾನೆ ಒಳ್ಳೆಯ ಆಟಗಾರನಿಗೆ ಕೆಲಸ ಕೊಡುತ್ತಿತ್ತು. ಸಂಬಳ, ಕ್ವಾರ್ಟರ್ಸು, ಜೊತೆಗೆ ಸಂಜೆ ಪ್ರಾಕ್ಟೀಸು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆದಾಗ ಈ ನೌಕರರ ತಂಡವೇ ಫೈನಲ್ಲಿನಲ್ಲಿ ಮೋಹನ್ ಬಾಗಾನ್‌ ಅನ್ನು 1-0ರಿಂದ ಸೋಲಿಸಿತು. ಎಚ್‌ಎಎಲ್, ಬಿಇಎಂಎಲ್, ಎಲ್‌ಆರ್‌ಡಿಇ ತಂಡಗಳೂ ಹೀಗೇ ಬೆಳೆದವು. ಗೌತಮಪುರದ ಹುಡುಗನಿಗೆ ಚೆಂಡು ಎಂದರೆ ಸರ್ಕಾರಿ ನೌಕರಿಯ ಅರ್ಜಿ.

ಆಮೇಲೆ ಏನಾಯಿತು? ತೊಂಬತ್ತರ ದಶಕದಲ್ಲಿ ಟೆಲಿಕಾಂ ಕ್ಷೇತ್ರದ ಬಾಗಿಲು ತೆರೆಯಿತು, ಖಾಸಗಿಯವರು ಬಂದರು, ವಿದೇಶಿ ಯಂತ್ರಗಳು ಬಂದವು, ಐಟಿಐಗೆ ಆರ್ಡರು ಕಡಿಮೆಯಾಯಿತು. ಆರ್ಡರು ಇಲ್ಲದ ಕಾರ್ಖಾನೆ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ಹೊಸಬರನ್ನೇ ಸೇರಿಸಿಕೊಳ್ಳದವರು ಎಡ ವಿಂಗಿನಲ್ಲಿ ಓಡುವ ಹುಡುಗನನ್ನು ಸೇರಿಸಿಕೊಳ್ಳುತ್ತಾರೆಯೆ? ಇದ್ದವರಿಗೆ ವಯಸ್ಸಾಯಿತು, ತಂಡವೂ ಅವರ ಜೊತೆಗೇ ಮುದಿಯಾಯಿತು. ಗಮನಿಸಿ, ತಪ್ಪು ಮೈದಾನದಲ್ಲಿ ಆಗಲಿಲ್ಲ. ಕೋಚು ಕೆಟ್ಟವನಲ್ಲ, ಗೋಲ್‌ಕೀಪರನ ಕೈ ಜಾರಲಿಲ್ಲ. ಅನ್ನ ಹಾಕುತ್ತಿದ್ದ ಮನೆಯಲ್ಲಿ ಒಲೆ ಆರಿತು, ಅಷ್ಟೇ.

ಎಚ್‌ಎಎಲ್ ಆಗಿನ ಮೇಲಿನ ಡಿವಿಷನ್ನಾದ ಐ-ಲೀಗ್‌ವರೆಗೂ ಏರಿ, 2011-12ರ ಋತುವಿನ ಕೊನೆಗೆ ಹಿಂಬಡ್ತಿ ಪಡೆದು ಕೆಳಗಿನ ಡಿವಿಷನ್ನಿಗೆ ಇಳಿಯಿತು. ಹಿಂಬಡ್ತಿ ಎಂದರೆ ನೀವು ಸಾವು ಬಂದಂತೆ ಆಡುತ್ತೀರಿ. ಅದು ಸಾವಲ್ಲ. ಮುಂಬಯಿಯ ಮಹೀಂದ್ರ ಯುನೈಟೆಡ್ ಹಿಂಬಡ್ತಿಯೇ ಇಲ್ಲದೆ ಸತ್ತಿತು: 2005-06ರ ರಾಷ್ಟ್ರೀಯ ಲೀಗ್ ಚಾಂಪಿಯನ್ನು, ಮೇಲಿನ ಡಿವಿಷನ್ನಿನಲ್ಲೇ ಇತ್ತು, 2010ರಲ್ಲಿ ಮಾಲೀಕರು ಸಾಕು ಎಂದರು, ಮುಗಿಯಿತು. ಹೈದರಾಬಾದ್ ಎಫ್‌ಸಿ 2022ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಟ್ರೋಫಿ ಎತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ ಸಂಬಳ ಸಿಗದೆ ಆಟಗಾರರು ಒಬ್ಬೊಬ್ಬರೇ ಬಿಟ್ಟುಹೋದರು. 2025ರಲ್ಲಿ ಆ ಕ್ಲಬ್ಬು ದೆಹಲಿಗೆ ಹೋಗಿ ಬೇರೆ ಹೆಸರು ಇಟ್ಟುಕೊಂಡಿತು. ಆ ಲೀಗಿನಲ್ಲಿ ಯಾರೂ ಕೆಳಗೆ ಬೀಳುವ ಹಾಗೇ ಇರಲಿಲ್ಲ, ಗೊತ್ತೆ? ಬೀಳದಂತೆ ಬೇಲಿ ಹಾಕಿದ ಕಡೆಯಲ್ಲೂ ಕ್ಲಬ್ಬುಗಳು ಮಾಯವಾಗುತ್ತವೆ.

ನಿಮಗೆ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಅಂದರೆ ಪ್ರಾಣ, ಕಂಠೀರವದ ಪಶ್ಚಿಮದ ಸ್ಟ್ಯಾಂಡಿನಲ್ಲಿ ಕೂಗಿ ಗಂಟಲು ಕೆಡಿಸಿಕೊಂಡು ಬರುತ್ತೀರಿ. ನನಗೂ ಆ ಕ್ಲಬ್ಬಿನ ಮೇಲೆ ಗೌರವವಿದೆ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಬೆನ್ನಿಗೆ ಜೆಎಸ್‌ಡಬ್ಲ್ಯುನಂಥ ಉಕ್ಕಿನ ಮನೆತನ. ಅಂಥ ಬಿಎಫ್‌ಸಿ ಕೂಡ 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಬೇಕಾಯಿತು. ಕಾರಣ ದೆಹಲಿಯ ಕಡೆಯ ಒಂದು ಕಾಗದ. ಅದು ಆಡುವ ಐಎಸ್‌ಎಲ್ ನಡೆಸುವವರಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಒಪ್ಪಂದ ಆ ಡಿಸೆಂಬರಿಗೆ ಮುಗಿಯಲಿತ್ತು, ಮುಂದಿನದು ಬರೆದಿರಲಿಲ್ಲ. ಲೀಗ್ ನಡೆಯುತ್ತದೆಯೋ ಇಲ್ಲವೋ ಗೊತ್ತಿಲ್ಲದೆ ಯಾರು ಸಂಬಳ ಕೊಡುತ್ತಾರೆ? ಆ ಪ್ರಕಟಣೆಯಲ್ಲಿ ನಾನು ಎರಡು ಸಲ ಓದಿದ ಸಾಲು ಬೇರೆ. ಕಿರಿಯರ ತಂಡಗಳಿಗೆ, ಹುಡುಗ ಹುಡುಗಿ ಇಬ್ಬರದಕ್ಕೂ, ಸಾಕರ್ ಸ್ಕೂಲುಗಳಿಗೆ ಇದರ ಬಿಸಿ ತಟ್ಟುವುದಿಲ್ಲ ಎಂದಿದ್ದರು. ಕಷ್ಟ ಬಂದಾಗ ಎಲ್ಲಿ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು ಎಂದು ತಿಳಿದವರು ಬರೆದ ಮಾತು ಅದು. ನೀವು ತಂಡ ಕಟ್ಟಿದ ಮೊದಲ ದಿನದಿಂದಲೇ ಹದಿಮೂರು ವರ್ಷದೊಳಗಿನವರ ಒಂದು ಗುಂಪು ಇಟ್ಟುಕೊಳ್ಳಿ. ಶೇಷಾದ್ರಿಪುರದ ಮಕ್ಕಳು ಬರುತ್ತಾರೆ, ಅವರ ಅಪ್ಪ ಅಮ್ಮಂದಿರೂ ಬೆನ್ನಿಗೆ ಬರುತ್ತಾರೆ. ನಿಮ್ಮ ಕ್ಲಬ್ಬಿನ ನಿಜವಾದ ಪ್ರಾಯೋಜಕರು ಆ ಅಪ್ಪ ಅಮ್ಮಂದಿರು.

ಬಿದ್ದು ಎದ್ದವರು ಇಲ್ಲವೇ ಎಂದರೆ, ಇದ್ದಾರೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ತಿಳಿದಿರಬೇಕು ನಿಮಗೆ. 2008ರಲ್ಲಿ ಎಫ್‌ಎ ಕಪ್ ಗೆದ್ದ ತಂಡ. ಕೈಗೆ ಮೀರಿದ ಸಂಬಳ, ಒಬ್ಬರಾದ ಮೇಲೆ ಒಬ್ಬರು ಮಾಲೀಕರು, ಮೈತುಂಬ ಸಾಲ. 2010ರಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಯ ಕೈಗೆ ಹೋಯಿತು, 2013ಕ್ಕೆ ನಾಲ್ಕನೆಯ ಡಿವಿಷನ್ನಿಗೆ ಜಾರಿತ್ತು. ಆಗ ಅಭಿಮಾನಿಗಳೇ ಸಾವಿರ ಸಾವಿರ ಪೌಂಡಿನ ಷೇರು ಕೊಂಡು ಕ್ಲಬ್ಬನ್ನು ತಮ್ಮದಾಗಿಸಿಕೊಂಡರು, ಸಾಲ ತೀರಿಸಿದರು. ನಾಲ್ಕು ವರ್ಷದ ಮೇಲೆ ಅವರೇ ಮತ ಹಾಕಿ, ಶಕ್ತಿಯಿದ್ದ ಮಾಲೀಕನಿಗೆ ಒಪ್ಪಿಸಿದರು. 2024ರಲ್ಲಿ ಅದು ಎರಡನೆಯ ಡಿವಿಷನ್ನಿಗೆ ಮರಳಿತು. ನಾಲ್ಕನೆಯ ಡಿವಿಷನ್ನಿನಲ್ಲಿ ಆಡುತ್ತಿದ್ದಾಗಲೂ ಆ ಊರಿನವರು ಟಿಕೆಟ್ ಕೊಳ್ಳುವುದು ನಿಲ್ಲಿಸಲಿಲ್ಲ. ನಮ್ಮಲ್ಲಿ ಐಟಿಐ ತಂಡಕ್ಕೆ ಚಪ್ಪಾಳೆ ತಟ್ಟುವವರಿದ್ದರು, ಷೇರು ಕೊಳ್ಳಲು ಅಲ್ಲಿ ಷೇರೇ ಇರಲಿಲ್ಲ.

ನಮ್ಮೂರಿನದೇ ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೆ ಹೋಯಿತು, ಮರುವರ್ಷವೇ ಮತ್ತೆ ಕೆಳಗೆ ಬಿತ್ತು. ಮೇಲಿನ ಡಿವಿಷನ್ನಿನ ಖರ್ಚು ಬೇರೆ, ಓಡಾಟ ಬೇರೆ, ಆಟಗಾರರ ಬೆಲೆ ಬೇರೆ. ಹೋದ ತಕ್ಷಣ ಅಲ್ಲೇ ಉಳಿಯಬೇಕೆಂದು ಸಾಲ ಮಾಡುವುದಕ್ಕಿಂತ, ಬಿದ್ದರೂ ಸಂಬಳ ನಿಲ್ಲದ ಹಾಗೆ ನೋಡಿಕೊಳ್ಳುವುದು ಮೇಲು. ಊರಿನ ಫುಟ್‌ಬಾಲಿಗೆ ತಾಳ್ಮೆಯಿದೆ ಕಣ್ರಪ್ಪ. 1968-69ರಲ್ಲಿ ಮೈಸೂರು ರಾಜ್ಯ ಗೆದ್ದ ಸಂತೋಷ್ ಟ್ರೋಫಿ ಮತ್ತೆ ನಮ್ಮ ಕೈಗೆ ಬಂದದ್ದು 2023ರ ಮಾರ್ಚಿನಲ್ಲಿ, ಅದೂ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಮಣಿಸಿ. ನಡುವೆ ಐವತ್ತನಾಲ್ಕು ವರ್ಷ.

ಈಗ ನಿಮ್ಮ ವಿಷಯ. ಬಿಲ್ಡರ್ ದುಡ್ಡು ಬೇಡವೆಂದು ನಾನು ಹೇಳುತ್ತಿಲ್ಲ, ಬರುವ ಲಕ್ಷ್ಮಿಗೆ ಬಾಗಿಲು ಹಾಕುವಷ್ಟು ದಡ್ಡನಲ್ಲ. ಆದರೆ ಆ ದುಡ್ಡಿನಲ್ಲಿ ಜೆರ್ಸಿ ಹೊಲಿಸಿ, ಟೂರ್ನಮೆಂಟಿಗೆ ಹೋಗಿ ಬನ್ನಿ. ಟರ್ಫ್ ಬಾಡಿಗೆ, ಬಸ್ ಚಾರ್ಜು, ಬೂಟು, ಆಟಗಾರನಿಗೆ ಕೊಡುತ್ತೇವೆಂದು ಒಪ್ಪಿದ ಭತ್ಯೆ, ಇವು ನಿಮ್ಮ ಚಂದಾದಿಂದಲೇ ನಡೆಯಬೇಕು. ಚಂದಾ ಸಾಲದಿದ್ದರೆ ಟರ್ಫ್ ಒಂದು ಗಂಟೆ ಕಡಿಮೆ ಮಾಡಿ. ಹೊರಗಿನಿಂದ ದುಡ್ಡು ಕೊಟ್ಟು ಸ್ಟ್ರೈಕರ್ ತರುವ ಆಸೆ ಬರುತ್ತದೆ, ಬಂದೇ ಬರುತ್ತದೆ. ಆಗ ಖಜಾಂಚಿಯ ಕಡೆ ತಿರುಗಿ, ಇವನಿಗೆ ಋತುವಿನ ಕೊನೆಯವರೆಗೆ ಕೊಡುವ ದುಡ್ಡು ಇವತ್ತು ಬ್ಯಾಂಕಿನಲ್ಲಿದೆಯೆ ಎಂದು ಕೇಳಿ. ಇಲ್ಲ ಎಂದರೆ ಅವನು ಎಷ್ಟು ಒಳ್ಳೆಯ ಆಟಗಾರನಾದರೂ ನಮಸ್ಕಾರ ಹೇಳಿ ಕಳಿಸಿ. ಖಜಾಂಚಿ ನಿಷ್ಠುರ ಮನುಷ್ಯನಾಗಿರಬೇಕು. ನಿಮ್ಮ ಪೈಕಿ ಬಿ.ಕಾಂ. ಓದುತ್ತಿರುವ ಆ ಹುಡುಗಿ, ಮೊನ್ನೆ ಚಹಾದ ದುಡ್ಡನ್ನೂ ತಲೆಗಿಷ್ಟು ಎಂದು ವಸೂಲಿ ಮಾಡಿದಳಲ್ಲ, ಅವಳನ್ನು ಕೇಳಿ ನೋಡಿ.

ಸಂಘವನ್ನು ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಮಂದಿ ಬೇಕು. ಆರು ಸಹಿ ಆಗಿವೆ, ಏಳನೆಯದು ನನ್ನದಿರಲಿ ಎಂದು ಕೇಳಿದ್ದೀರಿ. ಹಾಕುತ್ತೇನೆ. ಅದಕ್ಕೆ ಮೊದಲು ಆ ಬಿಲ್ಡರ್ ಎಷ್ಟು ಕೊಡುತ್ತಾರೆ, ಯಾವ ತಿಂಗಳು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ, ಬಿಡುವುದಾದರೆ ಎಷ್ಟು ತಿಂಗಳು ಮುಂಚೆ ತಿಳಿಸುತ್ತಾರೆ, ಇಷ್ಟನ್ನೂ ಕಾಗದದ ಮೇಲೆ ಬರೆಸಿಕೊಂಡು ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ. ಪೆನ್ನು ನನ್ನ ಹತ್ತಿರವೇ ಇದೆ.